ನಕ್ಷೆಯಲ್ಲಿ ಇಲ್ಲದ ನೀರಿನ ದಾರಿ: ಬೀದರ್‌ನ ಒಂದು ಲೇಔಟ್‌ನ ಪ್ರಕರಣ

ಆರು ಎಕರೆ ಹೊಲ. ಬೀದರ್‌ನ ನೌಬಾದ್ ದಾಟಿ ಸ್ವಲ್ಪ ಮುಂದೆ. ಉದ್ದು, ಹೆಸರು, ಜೋಳ ಬೆಳೆದ ನೆಲ. ಹೊಲದ ಯಜಮಾನರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಮಕ್ಕಳಿಬ್ಬರೂ ಹೈದರಾಬಾದ್‌ನಲ್ಲಿ ನೌಕರಿ ಮಾಡುತ್ತಾರೆ. ಬೇಸಾಯ ಸಾಕು, ಪ್ಲಾಟ್ ಹಾಕೋಣ ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಎನ್‌ಎ, ಅಂದರೆ ಬೇಸಾಯದ ಜಮೀನನ್ನು ಬೇರೆ ಬಳಕೆಗೆ ಬದಲಿಸುವ ಪರವಾನಗಿ, ಆಗಿತ್ತು. ಲೇಔಟ್ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ನಾನು ಸಿವಿಲ್ ಡಿಪ್ಲೊಮಾ ಓದಿದವನು. ಬೀದರ್‌ನಲ್ಲೇ ಸರ್ವೆ ಮಾಡಿ, ನಕ್ಷೆ ಬರೆದು ಜೀವನ ನಡೆಸುತ್ತೇನೆ. ಎಷ್ಟೋ ಹೊಲಗಳನ್ನು ಪ್ಲಾಟ್ ಮಾಡಿದ್ದೇನೆ. ಈ ಒಂದು ಲೇಔಟ್ ಬಗ್ಗೆ ಮಾತ್ರ ವಿವರವಾಗಿ ಬರೆಯಬೇಕು ಅನಿಸಿತು. ಹವಾಮಾನ ಬದಲಾವಣೆ, ಸುಸ್ಥಿರ ಅಭಿವೃದ್ಧಿ ಅಂತ ಸಭೆಗಳಲ್ಲಿ ಕೇಳಿದ ಮಾತು ನನ್ನ ಡ್ರಾಯಿಂಗ್ ಹಾಳೆಯ ಮೇಲೆ ಬಂದು ಕೂತದ್ದು ಇಲ್ಲೇ.

ಸರ್ವೆಯ ಮೊದಲ ದಿನವೇ ಎರಡು ಹಳೇ ಬಾವಿಗಳು ಕಂಡವು. ಒಂದು ಹೊಲದ ಮೇಲ್ಭಾಗದಲ್ಲಿ, ಇನ್ನೊಂದು ನಡು ಹೊಲದಲ್ಲಿ. ಸುತ್ತ ಮುಳ್ಳುಕಂಟಿ ಬೆಳೆದಿತ್ತು. ಯಜಮಾನರು ದೂರದಿಂದಲೇ ಕೈ ತೋರಿಸಿದರು.

"ಅವೆರಡೂ ಹಾಳು ಬಾವಿ ತಮ್ಮಾ. ಜೆಸಿಬಿ ತರಿಸಿ ಮುಚ್ಚಿಬಿಡ್ತೀನಿ. ನೀ ಅದರ ಮ್ಯಾಲೇ ಪ್ಲಾಟ್ ನಂಬರ್ ಹಾಕ್ಕೊಂತ ಹೋಗು."

ನಾನು ಹೂಂ ಅಂದೆ. ಆದರೂ ಹತ್ತಿರ ಹೋಗಿ ಬಗ್ಗಿ ನೋಡಿದೆ. ಬಾವಿ ವಿಚಿತ್ರವಾಗಿತ್ತು. ಬಾಯಿ ಕಿರಿದು. ಇಳಿಯಲು ಮೆಟ್ಟಿಲಿಲ್ಲ. ಹಗ್ಗ ಉಜ್ಜಿ ಕಲ್ಲು ಸವೆದ ಗುರುತೂ ಇಲ್ಲ. ಅಂದರೆ ಇಲ್ಲಿಂದ ಯಾರೂ ನೀರು ಸೇದಿಲ್ಲ. ಏಪ್ರಿಲ್ ತಿಂಗಳ ಬಿಸಿಲು, ಮಧ್ಯಾಹ್ನ 12 ಗಂಟೆ. ಬಾವಿಯ ಒಳಗಿನಿಂದ ಮುಖಕ್ಕೆ ತಣ್ಣನೆ ಗಾಳಿ ಬಂತು. ಸುಮ್ನೆ ನಿಂತು ಕಿವಿಗೊಟ್ಟೆ. ಕೆಳಗೆ ನೀರು ಹರಿಯುವ ಸದ್ದಿತ್ತು. ಬಾವಿಯ ನೀರು ನಿಂತಿರುತ್ತದೆ. ಇದು ನಡೆಯುತ್ತಿತ್ತು.

ಕೆಂಪು ಕಲ್ಲಿನ ಟೊಪ್ಪಿಗೆ

ಬೀದರ್ ಇರುವುದು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಬಯಲಿನ ಮೇಲೆ. ಈ ಬಯಲಿನ ತಲೆಗೆ ಟೊಪ್ಪಿಗೆ ಹಾಕಿದ ಹಾಗೆ ಕೆಂಪು ಕಲ್ಲಿನ ಪದರ ಇದೆ. ಪುಸ್ತಕದಲ್ಲಿ ಅದನ್ನು ಜಂಬಿಟ್ಟಿಗೆ ಕಲ್ಲು ಅನ್ನುತ್ತಾರೆ. ತುಂಬಾ ತೂತುಗಳಿರುವ ಕಲ್ಲು. ಬಿದ್ದ ಮಳೆ ಅದರೊಳಗೆ ಇಳಿದು ಹೋಗುತ್ತದೆ. ಅದರ ಕೆಳಗೆ ಜೇಡಿಯಂಥ ಒಂದು ಪದರ, ಅದರ ಕೆಳಗೆ ಗಟ್ಟಿ ಕಪ್ಪು ಕಲ್ಲು. ಇಳಿದ ನೀರು ಆ ಜೇಡಿಯ ಮೇಲೆ ನಿಲ್ಲುತ್ತದೆ. ನಿಂತು ನಿಂತು ಅಂಚಿನ ಕಡೆ ಸರಿದು, ಬೆಟ್ಟದ ಪಕ್ಕೆಯಲ್ಲಿ ಝರಿಯಾಗಿ ಹೊರಬರುತ್ತದೆ. ನರಸಿಂಹ ಝರಣಿಯಲ್ಲಿ ಸೊಂಟದ ಮಟ್ಟ ನೀರಿನಲ್ಲಿ ನಡೆದು ದೇವರ ದರ್ಶನ ಮಾಡುತ್ತೇವಲ್ಲ, ಆ ನೀರು ಇದೇ ಕೆಂಪು ಕಲ್ಲಿನದು. ಗುರುನಾನಕ್ ಝೀರಾದ ಸಿಹಿ ನೀರೂ ಅದೇ. ಪಾಪನಾಶದ ಝರಿಯೂ ಅದೇ.

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ರಾಜಧಾನಿಯನ್ನು ಕಲಬುರಗಿಯಿಂದ ಬೀದರ್‌ಗೆ ತಂದ. ಇರಾನಿನ ಜನ ಇಲ್ಲಿಗೆ ಬಂದು ನೆಲೆಸಿದ್ದ ಕಾಲ ಅದು. ನೆಲದೊಳಗೆ ಸುರಂಗ ಕೊರೆದು, ಪಂಪು ಇಲ್ಲದೆ ಎತ್ತದೆ, ಇಳಿಜಾರಿನಲ್ಲೇ ನೀರು ತರುವ ವಿದ್ಯೆ ಅವರದ್ದು. ಇರಾನಿನ ಅಂಥ ಸುರಂಗಗಳನ್ನು 2016ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬೀದರ್‌ನಲ್ಲಿ ಇದಕ್ಕೆ ಕರೇಜ್ ಅನ್ನುತ್ತೇವೆ, ಸುರಂಗ ಬಾವಿ ಅಂತಲೂ ಅನ್ನುತ್ತಾರೆ. ನೌಬಾದ್, ಶುಕ್ಲತೀರ್ಥ, ಜಮನಾ ಮೋರಿ ಅಂತ ಇಂಥ ಮೂರು ವ್ಯವಸ್ಥೆಗಳು ಇಲ್ಲಿವೆ. ನೌಬಾದ್ ಕರೇಜ್ 2 ಕಿಲೋಮೀಟರಿಗಿಂತ ಉದ್ದ. ಅದರ ಮೇಲೆ ಸಾಲಾಗಿ 20ಕ್ಕೂ ಹೆಚ್ಚು ಗಾಳಿಬಾವಿಗಳು. ಸುರಂಗ ಕೊರೆಯುವಾಗ ಮಣ್ಣು ಎತ್ತಲು, ಒಳಗೆ ಕೆಲಸ ಮಾಡುವವರಿಗೆ ಗಾಳಿ ಬೆಳಕು ಸಿಗಲು, ಆಮೇಲೆ ಹೂಳು ತೆಗೆಯಲು ತೋಡಿದ ಬಾವಿಗಳು ಅವು. ನೀರು ಸೇದಲು ಅಲ್ಲ.

ಹೊಲದ ಯಜಮಾನರನ್ನು ನಾನು ಕಾಕಾ ಅನ್ನುತ್ತೇನೆ. ಕಾಕಾ ಹಾಳು ಬಾವಿ ಅಂದದ್ದು ಆ ಸಾಲಿನ ಎರಡು ಬಾವಿಗಳನ್ನು.

ಕೇರಳದ ಚಿತ್ತೂರು ಸರ್ಕಾರಿ ಕಾಲೇಜಿನ ಭೂಗೋಳದ ಅಧ್ಯಾಪಕ ಗೋವಿಂದನ್‌ಕುಟ್ಟಿ ಅವರು ಬೀದರ್‌ನ ಕರೇಜ್‌ಗಳ ಜಾಡು ಹಿಡಿದು ಅಧ್ಯಯನ ಮಾಡಿದ್ದಾರೆ. ಅನುರಾಗ್ ತಿವಾರಿ ಅವರು ಜಿಲ್ಲಾಧಿಕಾರಿಯಾಗಿದ್ದಾಗ ಜಿಲ್ಲೆಯ ಕೆರೆ ಬಾವಿಗಳ ಹೂಳು ತೆಗೆಸುವ ಕೆಲಸ ಜೋರಾಗಿ ನಡೆಯಿತು. ನೌಬಾದ್ ಕರೇಜ್ ಕೂಡ ಆಗ ಊರಿನ ಬಾಯಿಗೆ ಮತ್ತೆ ಬಂತು. ಆದರೆ ನನ್ನ ಕೈಗೆ ಸಿಕ್ಕ ಸರ್ವೆ ಕಾಗದದಲ್ಲಿ ಎರಡು ಸಣ್ಣ ವೃತ್ತಗಳಿದ್ದವು, ಅಷ್ಟೇ. ಬಾವಿ ಅಂತ ಗುರುತಿತ್ತು. ಆ ಎರಡು ವೃತ್ತಗಳನ್ನು ಕೂಡಿಸುವ ಗೆರೆ ಇರಲಿಲ್ಲ. ಇಡೀ ಪ್ರಕರಣ ಆ ಗೆರೆಯ ಮೇಲೆ ನಿಂತಿದೆ.

ಮೊದಲ ನಕ್ಷೆ

ಮೊದಲ ನಕ್ಷೆ ಬರೆಯುವುದು ಕಷ್ಟವೇ ಆಗಲಿಲ್ಲ. ಚೌಕಾಕಾರದ ಹೊಲ, ನೇರ ರಸ್ತೆಗಳು, 108 ಪ್ಲಾಟ್. ಪಾರ್ಕಿಗೆ ಅಂತ ಬಿಡಲೇಬೇಕಾದ ಜಾಗವನ್ನು ಎಲ್ಲರೂ ಮಾಡುವ ಹಾಗೆ ಮೂಲೆಗೆ ತಳ್ಳಿದ್ದೆ. ಪ್ಲಾಟ್ ಆಗಿ ಹೋಗದ ತಗ್ಗು ಮೂಲೆ ಅದು. ಮೇಲಿನ ಬಾವಿ ಪ್ಲಾಟ್ ನಂಬರ್ 31ರೊಳಗೆ ಬಂದಿತ್ತು. ಕೆಳಗಿನದು ರಸ್ತೆಯ ನಡುವೆ. ನಿಯಮದ ಪ್ರಕಾರ ಆ ನಕ್ಷೆಯಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ರಸ್ತೆಯ ಅಗಲ ಸರಿ, ಪಾರ್ಕಿನ ಲೆಕ್ಕ ಸರಿ, ನಾಲಿಯ ಇಳಿಜಾರು ಸರಿ.

ನನಗೆ ಮಾತ್ರ ಆ ನೀರಿನ ಸದ್ದು ಕಿವಿಯಿಂದ ಹೋಗಲಿಲ್ಲ.

2016ರ ಬೇಸಿಗೆ ಇಲ್ಲಿನ ಯಾರಿಗೂ ಮರೆತಿಲ್ಲ. ಪಕ್ಕದ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ನೀರು ತಂದರು. ನಮ್ಮ ಕಡೆಯೂ ಕೊಡ ಹಿಡಿದು ಟ್ಯಾಂಕರ್ ಕಾದಿದ್ದೇವೆ. ಆಮೇಲೆ 2020ರ ಅಕ್ಟೋಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಹೊಲ ಮುಳುಗುವಂಥ ಮಳೆ ಬಂತು. ಒಂದು ಕಡೆ ಬರ, ಒಂದು ಕಡೆ ನೆರೆ, ನಾಲ್ಕೈದು ವರ್ಷದ ಅಂತರದಲ್ಲಿ. ಗಾಳಿ ಒಂದು ಡಿಗ್ರಿ ಜಾಸ್ತಿ ಬಿಸಿಯಾದರೆ ಅದು ಸುಮಾರು 7 ಶೇಕಡಾ ಜಾಸ್ತಿ ತೇವ ಹಿಡಿದುಕೊಳ್ಳುತ್ತದೆ. ಅದಕ್ಕೇ ಮಳೆ ಬಂದಾಗ ಒಮ್ಮೆಲೇ ಸುರಿಯುತ್ತದೆ, ಇಲ್ಲದಾಗ ವಾರಗಟ್ಟಲೆ ಇಲ್ಲ. ಇಂಥ ಮಳೆಗೆ ಊರು ಮಾಡಬೇಕಾದದ್ದು ಒಂದೇ: ಸುರಿದಾಗ ಹಿಡಿದಿಟ್ಟುಕೊಳ್ಳುವುದು, ಇಲ್ಲದಾಗ ನಿಧಾನವಾಗಿ ಬಿಡುವುದು. ಕೆಂಪು ಕಲ್ಲು ಮತ್ತು ಕರೇಜ್ ಸೇರಿ ಆರು ನೂರು ವರ್ಷದಿಂದ ಇದನ್ನೇ ಮಾಡುತ್ತಿವೆ. ಅದರ ಮೇಲೆ ನಾನು ಟಾರು ಹಾಕಿಸಲು ಹೊರಟಿದ್ದೆ.

ಲೆಕ್ಕ ಹಾಕಿ ನೋಡಿದೆ. ಆರು ಎಕರೆ ಅಂದರೆ ಸುಮಾರು 24,000 ಚದರ ಮೀಟರ್. ಅದರ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 12 ಲಕ್ಷ ಲೀಟರ್ ನೀರು. ಹೊಲವಾಗಿದ್ದಾಗ ಅದರಲ್ಲಿ ದೊಡ್ಡ ಪಾಲು ನೆಲಕ್ಕೆ ಇಳಿಯುತ್ತಿತ್ತು. ಚಾವಣಿ, ರಸ್ತೆ, ಫರ್ಶಿ ಹಾಕಿದ ಅಂಗಳ ಆದಮೇಲೆ ಅದೇ ನೀರು ನಾಲಿ ಹಿಡಿದು ಓಡಿ, ತಗ್ಗಿನಲ್ಲಿರುವವರ ಮನೆಗೆ ನುಗ್ಗುತ್ತದೆ.

ಇನ್ನೊಂದು ಲೆಕ್ಕವೂ ಇದೆ, ಇದನ್ನು ಹೆಚ್ಚು ಜನ ಹಾಕುವುದಿಲ್ಲ. 1,000 ಲೀಟರ್ ನೀರನ್ನು 100 ಮೀಟರ್ ಮೇಲೆ ಎತ್ತಲು, ಪಂಪಿನಲ್ಲಿ ಹಾಳಾಗುವ ಶಕ್ತಿಯನ್ನೂ ಸೇರಿಸಿದರೆ, ಹೆಚ್ಚುಕಡಿಮೆ 0.4 ಯುನಿಟ್ ಕರೆಂಟ್ ಬೇಕು. ನೂರು ಮನೆ, ಮನೆಗೆ ದಿನಕ್ಕೆ 500 ಲೀಟರ್ ಅಂದುಕೊಳ್ಳಿ. ದಿನಕ್ಕೆ 20 ಯುನಿಟ್, ವರ್ಷಕ್ಕೆ 7,000 ಯುನಿಟ್ ಮೇಲೆ. ಇದು ಸಣ್ಣದೊಂದು ಲೇಔಟಿನದು. ಬೀದರ್ ಕುಡಿಯುವುದು ಕಾರಂಜಾ ಮತ್ತು ಮಾಂಜ್ರಾ ನೀರನ್ನು. ಎರಡೂ ಕೆಳಗಿವೆ, ಊರು ಮೇಲಿದೆ. ಪ್ರತಿ ಕೊಡವೂ ಕರೆಂಟ್ ಸುಟ್ಟು ಮೇಲೆ ಬರುತ್ತದೆ. ಕರೇಜಿನ ನೀರಿಗೆ ಒಂದು ಯುನಿಟ್ಟೂ ಬೇಡ.

ಎರಡನೇ ನಕ್ಷೆ, ಮತ್ತು ನನ್ನ ತಪ್ಪು

ಎರಡು ವೃತ್ತಗಳ ನಡುವೆ ಗೆರೆ ಎಳೆದೆ. 84 ಮೀಟರ್ ಉದ್ದ. ಹಗ್ಗ ಬಿಟ್ಟು ಆಳ ಅಳೆದೆ. ನೀರಿನ ತನಕ ಸುಮಾರು 50 ಅಡಿ. ಆಮೇಲೆ ನಕ್ಷೆ ತಿದ್ದಿದೆ. ಬಾವಿಗಳನ್ನು ಉಳಿಸಿ, ರಸ್ತೆ ಪಕ್ಕದ ನಾಲಿಗಳನ್ನೆಲ್ಲ ತಿರುಗಿಸಿ ಆ ಎರಡು ಬಾವಿಗಳಿಗೆ ಕೂಡಿಸಿದೆ. ಮಳೆ ನೀರು ಪೂರ್ತಿ ಭೂಮಿಗೆ ಹೋಗುತ್ತದೆ, ನೀರು ಇಂಗಿಸುವ ಕೆಲಸವೂ ಆಯಿತು ಅಂತ ನಂಬಿದ್ದೆ. ನಿಜವಾಗಿಯೂ ಒಳ್ಳೇದು ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಕರೇಜ್ ಅಲಿಯಾಬಾದ್ ಕಡೆಯ ಇಳಿಜಾರಿನಲ್ಲಿ ಬಾಯಿ ತೆರೆಯುತ್ತದೆ. ನೀರು ಹೊರಗೆ ಬರುವ ಜಾಗ ನೋಡೋಣ ಅಂತ ಒಂದು ಭಾನುವಾರ ಹೋದೆ. ಅಲ್ಲಿ ಒಬ್ಬ ವಯಸ್ಸಾದ ರೈತರು ಸಿಕ್ಕರು. ನನ್ನ ನಕ್ಷೆ ಬಿಚ್ಚಿ ಖುಷಿಯಿಂದ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿದರು.

"ಮ್ಯಾಲಿನ ನಾಲಿ ನೀರೆಲ್ಲಾ ಬಾವಿಗೆ ಇಳಿಸಿದ್ರ, ಕೆಳಗ ನಾವು ಕುಡಿಯೋದೇನ್ರೀ ಸಾಹೇಬ್ರ?"

ನಾಚಿಕೆಯಾಯಿತು. ಹಳಬರು ಗಾಳಿಬಾವಿಯ ಬಾಯಿಗೆ ನೆಲದಿಂದ ಎತ್ತರಿಸಿ ಕಲ್ಲಿನ ಕಟ್ಟೆ ಕಟ್ಟಿದ್ದು ಯಾಕೆ ಅಂತ ಆಗ ಹೊಳೆಯಿತು. ಮೇಲಿನ ನೀರು ಒಳಗೆ ಹೋಗಬಾರದು ಅಂತಲೇ. ನೀರು ಕೆಂಪು ಕಲ್ಲಿನ ಮೂಲಕ ಸೋಸಿಕೊಂಡು ಹೋಗಬೇಕು. ಬಾವಿಯ ಮೂಲಕ ನೇರವಾಗಿ ಅಲ್ಲ. ನೇರ ಬಿಟ್ಟರೆ ರಸ್ತೆಯ ಎಣ್ಣೆ, ಪ್ಲಾಸ್ಟಿಕ್, ದನದ ಗಂಜಲ, ಮಣ್ಣು ಎಲ್ಲ ಸುರಂಗಕ್ಕೆ. ಎರಡು ಮೂರು ಮಳೆಗಾಲದಲ್ಲಿ ಹೂಳು ತುಂಬಿ ಸುರಂಗವೇ ಕಟ್ಟಿಕೊಳ್ಳುತ್ತದೆ. ನೀರು ಇಂಗಿಸುವ ಹೆಸರಿನಲ್ಲಿ ಹಳೇ ಬಾವಿಗಳಿಗೆ ನಾಲಿ ಕೂಡಿಸುವುದನ್ನು ಬೇರೆ ಕಡೆಯೂ ನೋಡಿದ್ದೇನೆ. ಸಾಮಾನ್ಯ ಬಾವಿಗೇ ಅದು ಜಾಲರಿ, ಮರಳು ಇಲ್ಲದೆ ಮಾಡಬಾರದ ಕೆಲಸ. ಕರೇಜಿಗಂತೂ ವಿಷ ಹಾಕಿದ ಹಾಗೆ.

ಎರಡನೇ ನಕ್ಷೆಯನ್ನು ಅಲ್ಲೇ ಮಡಿಚಿಟ್ಟೆ.

ಮೂರನೇ ನಕ್ಷೆ ಮತ್ತು ಕಾಕಾ ಜೊತೆಗಿನ ಮಾತುಕತೆ

ಮೂರನೇ ನಕ್ಷೆಯಲ್ಲಿ ಗೆರೆಯನ್ನು ಅಗಲ ಮಾಡಿ ನೆಲದ ಪಟ್ಟಿಯಾಗಿಸಿದೆ. ಎರಡು ಬಾವಿಗಳ ನಡುವೆ ಸುರಂಗ ನೇರವಾಗೇ ಇರಬೇಕಂತಿಲ್ಲ. ಕೊರೆಯುವಾಗ ಗಟ್ಟಿ ಕಲ್ಲು ಸಿಕ್ಕರೆ ಬಳಸಿ ಹೋಗಿರುತ್ತಾರೆ. ಹಾಗಾಗಿ ಗೆರೆಯ ಆಚೆ 10 ಮೀಟರ್, ಈಚೆ 10 ಮೀಟರ್ ಬಿಟ್ಟೆ. 84 ಮೀಟರ್ ಉದ್ದ, 20 ಮೀಟರ್ ಅಗಲದ ಪಟ್ಟಿ. 1,680 ಚದರ ಮೀಟರ್. ಪಾರ್ಕಿಗೆ ಹೇಗೂ ಜಾಗ ಬಿಡಲೇಬೇಕಲ್ಲ, ಅದರ ಬಹುಪಾಲು ಇಲ್ಲೇ ಮುಗಿಯಿತು. ಮೂಲೆಯ ಪಾರ್ಕು ನಡುವಿಗೆ ಬಂತು. ರಸ್ತೆಗಳು ಪಟ್ಟಿಯನ್ನು ಒಂದೇ ಒಂದು ಕಡೆ ದಾಟುತ್ತವೆ, ಅದೂ ಬಾವಿಯಿಂದ ದೂರ. ರಸ್ತೆ ತಿರುಗಿಸಿದ್ದರಿಂದ ಕೆಲವು ಪ್ಲಾಟ್ ಸೊಟ್ಟಗಾದವು. 108 ಇದ್ದದ್ದು 104 ಆಯಿತು.

ನಾಲ್ಕು ಪ್ಲಾಟ್ ಅಂದರೆ ಸಣ್ಣ ಮಾತಲ್ಲ. ಕಾಕಾ ಮುಂದೆ ನಕ್ಷೆ ಇಟ್ಟಾಗ ಅವರು ಮೊದಲು ಎಣಿಸಿದ್ದೇ ಪ್ಲಾಟ್‌ಗಳನ್ನು. ಅವರನ್ನು ನಾನು ದೂರುವುದಿಲ್ಲ. ಆ ಹೊಲ ಬಿಟ್ಟರೆ ಅವರಿಗೆ ಬೇರೆ ಆಸ್ತಿ ಇಲ್ಲ. ಮೊಮ್ಮಗಳ ಓದು, ಮನೆಯವರ ಆಪರೇಷನ್ ಎಲ್ಲ ಈ ಪ್ಲಾಟ್‌ಗಳ ಮೇಲೆ ನಿಂತಿತ್ತು. ಊರಿನ ನೀರು ಉಳಿಸುವ ಖರ್ಚನ್ನು ಒಬ್ಬ ರೈತ ಯಾಕೆ ಹೊರಬೇಕು? ಈ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ.

ನಾನು ಎರಡು ವಿಷಯ ಹೇಳಿದೆ. ಒಂದು, ಸುರಂಗದ ಮೇಲೆ ಮನೆ ಕಟ್ಟಿದರೆ ಅಪಾಯ. ಕೆಂಪು ಕಲ್ಲು ಒಳಗೆ ಮೆತ್ತಗಿರುತ್ತದೆ, ಗಾಳಿ ತಾಗಿದಮೇಲೆ ಗಟ್ಟಿಯಾಗುತ್ತದೆ. ಮುಚ್ಚಿದ ಬಾವಿಯ ಸಡಿಲ ಮಣ್ಣಿನ ಮೇಲೆ ಪಾಯ ಹಾಕಿದರೆ ಗೋಡೆ ಬಿರುಕು ಬಿಡುವುದು ಖಂಡಿತ. ಪ್ಲಾಟ್ 31 ಕೊಂಡವರು ನಾಳೆ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ. ಎರಡನೆಯದು, ಪಾರ್ಕು ಮೂಲೆಯಲ್ಲಿದ್ದರೆ ಯಾರಿಗೂ ಲಾಭವಿಲ್ಲ. ನಡುವೆ ಉದ್ದಕ್ಕೆ ಇದ್ದರೆ ಎರಡೂ ಬದಿಯ ಪ್ಲಾಟ್‌ಗಳು ಪಾರ್ಕಿಗೆ ಮುಖ ಮಾಡುತ್ತವೆ.

ಅವರು ಎಂಟು ದಿನ ಏನೂ ಹೇಳಲಿಲ್ಲ. ಒಂಬತ್ತನೇ ದಿನ ಫೋನ್ ಮಾಡಿದರು. "ನಮ್ಮಪ್ಪ ಆ ಬಾವ್ಯಾಗ ಕಲ್ಲು ಒಗೀಬ್ಯಾಡ ಅಂತಿದ್ದ ತಮ್ಮಾ. ಯಾಕಂತ ಎಂದೂ ಹೇಳಿರಲಿಲ್ಲ. ಬರಿ ನಿನ್ನ ನಕ್ಷಾ."

ಒಂದು ಮಾತು ಸೇರಿಸಬೇಕು. ಪಾರ್ಕ್ ಎದುರಿನ ಪ್ಲಾಟ್‌ಗಳೇ ಮೊದಲು ಹೋದವು, ಬೆಲೆಯೂ ಚೆನ್ನಾಗಿ ಬಂತು. ಆದರೂ ಇದನ್ನು ನಾನು ದೊಡ್ಡ ಸಮಾಧಾನ ಅಂತ ತೋರಿಸಲು ಇಷ್ಟಪಡುವುದಿಲ್ಲ. ಎಲ್ಲ ಹೊಲದಲ್ಲೂ ಗೆರೆ ಇಷ್ಟು ಅನುಕೂಲವಾಗಿ ಪಾರ್ಕಿನ ಲೆಕ್ಕಕ್ಕೆ ಹೊಂದುವುದಿಲ್ಲ. ಹೊಂದದ ಕಡೆ ಕಳೆದುಕೊಂಡವರಿಗೆ ಪರಿಹಾರ ಕೊಡುವ ದಾರಿ ಬೇಕು. ಬೇರೆ ಕಡೆ ಒಂದು ಮಹಡಿ ಜಾಸ್ತಿ ಕಟ್ಟಲು ಬಿಡಬಹುದು, ಅಥವಾ ಜಾಗಕ್ಕೆ ಜಾಗ ಕೊಡಬಹುದು. ಅದಿಲ್ಲದೆ ನೀತಿಯ ಮಾತು ಹೇಳಿದರೆ ರಾತ್ರಿ ಜೆಸಿಬಿ ಬರುತ್ತದೆ, ಬೆಳಿಗ್ಗೆ ಬಾವಿ ಇರುವುದಿಲ್ಲ.

ಪಟ್ಟಿಯ ಮೇಲೆ ಏನಿದೆ

ಎರಡೂ ಬಾವಿಗಳ ಕಟ್ಟೆಯನ್ನು ಎರಡೂವರೆ ಅಡಿ ಎತ್ತರಿಸಿ, ಮೇಲೆ ಕಬ್ಬಿಣದ ಜಾಲರಿ ಹಾಕಿದ್ದೇವೆ. ಮುಚ್ಚಳ ಅಲ್ಲ, ಜಾಲರಿ. ಗಾಳಿ ಆಡಬೇಕು. ಹೂಳು ತೆಗೆಯಲು ಇಳಿಯಬೇಕಾದರೆ ತೆಗೆದು ಹಾಕುವಂತಿರಬೇಕು.

ಮಳೆ ನೀರಿಗೆ ಪಟ್ಟಿಯ ಎರಡೂ ಅಂಚಿನಲ್ಲಿ ಮೂರಡಿ ಆಳದ ಕಾಲುವೆ ತೋಡಿ, ತಳಕ್ಕೆ ದಪ್ಪ ಜಲ್ಲಿ, ಮೇಲೆ ಮರಳು ತುಂಬಿದ್ದೇವೆ. ರಸ್ತೆಯ ನೀರು ಮೊದಲು ಒಂದು ಸಣ್ಣ ಗುಂಡಿಯಲ್ಲಿ ನಿಂತು ಮಣ್ಣು ಇಳಿಸಿ, ಆಮೇಲೆ ಈ ಕಾಲುವೆಗೆ ಬರುತ್ತದೆ. ಅಲ್ಲಿಂದ ಕೆಂಪು ಕಲ್ಲು ತನಗೆ ಬೇಕಾದಷ್ಟು ಕುಡಿಯುತ್ತದೆ. ಉಳಿದದ್ದು ಮುಂದಿನ ನಾಲಾಕ್ಕೆ. ಬಾವಿಗೆ ಒಂದು ಹನಿಯೂ ನೇರವಾಗಿ ಹೋಗುವುದಿಲ್ಲ.

ಗಿಡದ ವಿಷಯದಲ್ಲಿ ಜಗಳವೇ ಆಯಿತು. ಪ್ಲಾಟ್ ಕೊಂಡವರಲ್ಲಿ ಕೆಲವರು ಆಲ, ಅರಳಿ ನೆಡೋಣ ಅಂದರು. ಒಳ್ಳೇ ಮನಸ್ಸಿನ ಮಾತೇ. ಆದರೆ ಅರಳಿಯ ಬೇರು ನೀರು ಹುಡುಕಿಕೊಂಡು ಕಲ್ಲಿನ ಸಂದಿಯಲ್ಲಿ ಇಳಿಯುತ್ತದೆ, ಸುರಂಗದ ಚಾವಣಿ ಸೀಳುತ್ತದೆ. ಹಾಗಾಗಿ ಗೆರೆಯ ಮೇಲೆ ಹುಲ್ಲು, ಸಣ್ಣ ಗಿಡಗಂಟಿ ಮಾತ್ರ. ಬೇವು, ಹೊಂಗೆ ಪಟ್ಟಿಯಿಂದ ದೂರ, ರಸ್ತೆ ಬದಿಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತವೆ. ಅಂಥ ಬಿಸಿಲಿನಲ್ಲಿ ರಸ್ತೆ ಬದಿಯ ನೆರಳು ಅಂದರೆ ತರಕಾರಿ ಗಾಡಿಯವರಿಗೆ, ಶಾಲೆಯಿಂದ ನಡೆದು ಬರುವ ಮಕ್ಕಳಿಗೆ ಜೀವ ಇದ್ದ ಹಾಗೆ.

ಅರ್ಧ ಆಗಿ ಉಳಿದದ್ದು

ಎಲ್ಲವೂ ಸರಿಹೋಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಎರಡು ವಿಷಯಗಳಲ್ಲಿ ನಾವು ಅರ್ಧಕ್ಕೆ ನಿಂತಿದ್ದೇವೆ.

ಒಂದು, ಪಾಯಖಾನೆಯ ನೀರು. ಅಲ್ಲಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಹೊಸ ಲೇಔಟ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಮನೆಗೂ ಒಂದು ಸೆಪ್ಟಿಕ್ ಟ್ಯಾಂಕ್, ಪಕ್ಕದಲ್ಲಿ ಒಂದು ಇಂಗುಗುಂಡಿ. ಮಳೆ ನೀರನ್ನು ಸಲೀಸಾಗಿ ಕುಡಿಯುವ ಕೆಂಪು ಕಲ್ಲು ಇಂಗುಗುಂಡಿಯ ನೀರನ್ನೂ ಅಷ್ಟೇ ಸಲೀಸಾಗಿ ಕುಡಿಯುತ್ತದೆ. ಕಲ್ಲಿಗೆ ಭೇದ ಗೊತ್ತಿಲ್ಲ. 104 ಇಂಗುಗುಂಡಿ ಅಂದರೆ ಕರೇಜಿನ ತಲೆಯ ಮೇಲೆ 104 ತೂತು. ನಾನು ಇಡೀ ಲೇಔಟಿಗೆ ಒಂದೇ ಪೈಪ್ ಸಾಲು, ತಗ್ಗು ಮೂಲೆಯಲ್ಲಿ ಸಿಮೆಂಟಿನ ತಳ ಇರುವ ಟ್ಯಾಂಕ್, ಅದರ ಮುಂದೆ ಜೊಂಡು ಬೆಳೆಸಿ ನೀರು ಶುದ್ಧ ಮಾಡುವ ತೊಟ್ಟಿ ಅಂತ ಬರೆದಿದ್ದೆ. ಖರ್ಚು ನೋಡಿ, ಆಗೋದಿಲ್ಲ ಅಂತ ಕಾಕಾ ಕೈ ಮುಗಿದುಬಿಟ್ಟರು. ಕೊನೆಗೆ ಪಟ್ಟಿಯ ಅಕ್ಕಪಕ್ಕದ ಎರಡು ಸಾಲುಗಳಿಗೆ ಮಾತ್ರ ಪೈಪ್ ಬಂತು. ಉಳಿದವರು ಗುಂಡಿ ತೋಡಿದರು. ದೂರ ಇದ್ದರೆ ಪರವಾಗಿಲ್ಲ ಅಂತ ಹೇಳಿಕೊಂಡೆವು. ಅದು ನಿಜಕ್ಕೂ ಪರವಾಗಿಲ್ಲವಾ ಅಂದರೆ, ಇಲ್ಲ. ಒಳಚರಂಡಿ ಬರುವ ತನಕ ಆ ಹೊಲಸು ನೀರು ಇಳಿಯುತ್ತಲೇ ಇರುತ್ತದೆ.

ಎರಡು, ಬೋರ್. ಕೆಂಪು ಕಲ್ಲಿನ ಕೆಳಗೆ ಜೇಡಿ ಪದರ ಇದೆ ಅಂದೆನಲ್ಲ, ನೀರು ನಿಲ್ಲುವುದು ಅದರ ಮೇಲೆ. ಬೋರ್ ಕೊರೆದವರು ಅದನ್ನು ದಾಟಿ ಕಪ್ಪು ಕಲ್ಲಿನೊಳಗೆ 300 ಅಡಿ, 400 ಅಡಿ ಹೋಗುತ್ತಾರೆ. ಮೇಲೆ ಸರಿಯಾಗಿ ಕೇಸಿಂಗ್ ಪೈಪ್ ಇಳಿಸದಿದ್ದರೆ ಮೇಲಿನ ನೀರು ಆ ತೂತಿನಲ್ಲಿ ಸೋರಿ ಕೆಳಗೆ ಹೋಗುತ್ತದೆ. ನೀರು ತುಂಬಿದ ಮಡಕೆಯ ತಳಕ್ಕೆ ತೂತು ಹಾಕಿದ ಹಾಗೆ. ಖರೀದಿ ಪತ್ರದಲ್ಲಿ ಬೋರ್ ಕೊರೆಯಬಾರದು ಅಂತ ಕಾಕಾ ಒಪ್ಪಿ ಬರೆಸಿದರು. ಎರಡು ವರ್ಷದಲ್ಲಿ ಮೂರು ಮನೆಯವರು ಕೊರೆಸಿದರು. ನಲ್ಲಿ ನೀರು ಐದಾರು ದಿನಕ್ಕೊಮ್ಮೆ ಬರುವಾಗ ಅವರಾದರೂ ಏನು ಮಾಡಬೇಕು ಹೇಳಿ. ಒಂದು ಕಾಗದದ ಸಾಲಿನಿಂದ ಬಾಯಾರಿಕೆ ನಿಲ್ಲುವುದಿಲ್ಲ.

ಗೆರೆ ಎಲ್ಲಿ ಇರಬೇಕಿತ್ತು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇದು: ಎರಡು ಬಾವಿ ಉಳಿದದ್ದು ಆಕಸ್ಮಿಕವಾಗಿ. ಏಪ್ರಿಲ್ ಮಧ್ಯಾಹ್ನ ನಾನು ಬಗ್ಗಿ ನೋಡದಿದ್ದರೆ, ಅಲಿಯಾಬಾದ್ ಕಡೆ ಆ ರೈತರು ಸಿಗದಿದ್ದರೆ, ಕಾಕಾರ ಅಪ್ಪ ಏನೂ ಹೇಳಿರದಿದ್ದರೆ, 108 ಪ್ಲಾಟ್‌ನ ನಕ್ಷೆಯೇ ಪಾಸಾಗುತ್ತಿತ್ತು. ಒಂದು ಊರಿನ ನೀರು ಇಷ್ಟೊಂದು ಅದೃಷ್ಟದ ಮೇಲೆ ನಿಲ್ಲಬಾರದು.

ಕರೇಜ್ ಸರಪಳಿ ಇದ್ದ ಹಾಗೆ. 20ಕ್ಕೂ ಹೆಚ್ಚು ಬಾವಿಗಳು ಬೇರೆ ಬೇರೆಯವರ ನೆಲದಲ್ಲಿವೆ. ಲೇಔಟ್‌ಗಳೋ ಒಂದೊಂದಾಗಿ ಪಾಸಾಗುತ್ತವೆ. ಪ್ರತಿಯೊಂದೂ ತನ್ನಷ್ಟಕ್ಕೆ ಸರಿ. ಎಲ್ಲ ಸೇರಿದಾಗ ತಪ್ಪು. ಒಂದು ಹೊಲದಲ್ಲಿ ಉಳಿಸಿ, ಮೇಲಿನ ಹೊಲದಲ್ಲಿ ಕಟ್ಟಡದ ರಾಡಿ ಸುರಿದರೆ ಉಳಿಸಿದ್ದು ಯಾತಕ್ಕೂ ಬರುವುದಿಲ್ಲ. ನಮ್ಮ ವಿಷಯದಲ್ಲಿ ಹಾಗೆಯೇ ಆಗಿದೆ. ಮೇಲಿನ ಪಕ್ಕದ ಹೊಲದಲ್ಲಿ ಇದ್ದ ಬಾವಿಯನ್ನು ನಾವು ಸರ್ವೆ ಮಾಡುವ ಮೊದಲೇ ಮುಚ್ಚಿದ್ದರು. ಈಗ ಅದರ ಗುರುತೂ ಕಾಣುವುದಿಲ್ಲ.

ಹೈಟೆನ್ಷನ್ ತಂತಿಯ ಕೆಳಗೆ ಮನೆ ಕಟ್ಟಲು ಬಿಡುವುದಿಲ್ಲ, ಅಲ್ವಾ? ಹೆದ್ದಾರಿ ಪಕ್ಕ ಇಷ್ಟು ಮೀಟರ್ ಬಿಡಬೇಕು ಅಂತ ಗೆರೆ ಇದೆ. ರೈಲು ಹಳಿಗೂ ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಅದರಡಿ ಊರಿಗೊಂದು ಮಹಾಯೋಜನೆ ಮಾಡುತ್ತಾರೆ. ಯಾವ ಕಡೆ ಮನೆ, ಯಾವ ಕಡೆ ಕಾರ್ಖಾನೆ, ಯಾವ ರಸ್ತೆ ಎಷ್ಟು ಅಗಲ ಅಂತ ಬಣ್ಣ ಹಾಕಿ ತೋರಿಸುತ್ತಾರೆ. ಆ ಬಣ್ಣದ ಹಾಳೆಯ ಮೇಲೆ ಕರೇಜಿನ ಗೆರೆ, ಅದರ ಎರಡೂ ಬದಿಯ ಪಟ್ಟಿ, ನೀರು ಇಳಿಯುವ ಕೆಂಪು ಕಲ್ಲಿನ ಬಯಲು ಇಷ್ಟನ್ನು ಬರೆದರೆ ಸಾಕು. ಆಗ ನನ್ನಂಥವನು ಬಗ್ಗಿ ನೋಡಲಿ ಬಿಡಲಿ, ಪ್ಲಾಟ್ 31 ಹುಟ್ಟುವುದೇ ಇಲ್ಲ. ಹೊಲ ಕೊಳ್ಳುವವರಿಗೂ ಮೊದಲೇ ಗೊತ್ತಿರುತ್ತದೆ, ಬೆಲೆಯಲ್ಲಿ ಅದು ಸೇರಿರುತ್ತದೆ. ಆಮೇಲೆ ನಾಲ್ಕು ಪ್ಲಾಟ್ ಕಳೆದುಕೊಂಡೆ ಅನ್ನುವ ನೋವು ಒಬ್ಬರ ತಲೆಗೇ ಬರುವುದಿಲ್ಲ.

ವಿಶ್ವಸಂಸ್ಥೆ 2015ರಲ್ಲಿ 17 ಗುರಿಗಳನ್ನು ಒಪ್ಪಿತು. ಅದರಲ್ಲಿ 6ನೆಯದು ನೀರು, 11ನೆಯದು ನಗರ, 13ನೆಯದು ಹವಾಮಾನ. ಬೇರೆ ಬೇರೆ ನಂಬರ್, ಬೇರೆ ಬೇರೆ ಕಡತ. ಊರಲ್ಲೂ ಹಾಗೆಯೇ. ಪಾರ್ಕಿಗೆ ಒಬ್ಬರು, ನೀರಿಗೆ ಒಬ್ಬರು, ಹಳೇ ಕಟ್ಟಡಕ್ಕೆ ಒಬ್ಬರು, ಲೇಔಟಿಗೆ ಒಬ್ಬರು. ನಮ್ಮ 20 ಮೀಟರ್ ಪಟ್ಟಿಯಲ್ಲಿ ಪಾರ್ಕು, ನೀರು, ನೆರೆ ತಡೆಯುವುದು, ಕರೆಂಟ್ ಉಳಿಸುವುದು, ಆರು ನೂರು ವರ್ಷದ ಕಟ್ಟಡ ಎಲ್ಲ ಒಂದೇ ಜಾಗದಲ್ಲಿವೆ. ಅದನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವವರು ಬೇಕು.

ಈಗ ಎಲ್ಲಿಗೆ ಬಂದಿದೆ

ಯುಗಾದಿಗೆ ಒಮ್ಮೆ, ದಸರಾಕ್ಕೆ ಒಮ್ಮೆ ಹಗ್ಗ ಬಿಟ್ಟು ನೀರಿನ ಮಟ್ಟ ಅಳೆಯುತ್ತೇನೆ. ಲೇಔಟಿನ ಇಬ್ಬರು ಹುಡುಗರು ಈಗ ನನ್ನ ಜೊತೆ ಬರುತ್ತಾರೆ. ಒಬ್ಬ ಹಗ್ಗ ಹಿಡಿಯುತ್ತಾನೆ, ಇನ್ನೊಬ್ಬ ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಕಳೆದ ದಸರಾಕ್ಕೆ ಮೇಲಿನ ಬಾವಿಗಿಂತ ಕೆಳಗಿನ ಬಾವಿಯಲ್ಲಿ ಸದ್ದು ಜೋರಾಗಿತ್ತು. ಮೇಲಿನದರಲ್ಲಿ ಹೂಳು ಕಾಣಿಸುತ್ತಿದೆ. ಮುಚ್ಚಿದ ಬಾವಿಯ ಕಡೆಯಿಂದ ಮಣ್ಣು ಕುಸಿದು ಬರುತ್ತಿರಬೇಕು ಅಂತ ನನ್ನ ಅನುಮಾನ.

ಆ ಪಕ್ಕದ ಹೊಲವೂ ಈಗ ಎನ್‌ಎ ಆಗಿದೆ. ಅದರ ಯಜಮಾನರ ಮಗ ಹೋದ ತಿಂಗಳು ಫೋನ್ ಮಾಡಿ, ನಮ್ಮದೂ ನಕ್ಷೆ ಬರೆದುಕೊಡಿ ಅಂದ. ನಿಮ್ಮ ಹೊಲದಲ್ಲಿ ಒಂದು ಬಾವಿ ಇತ್ತು ಅಂದೆ. ನನಗೆ ಗೊತ್ತೇ ಇಲ್ಲ ಸರ್, ಅದು ಎಲ್ಲಿತ್ತು ಅಂತ ಹೇಳುವವರೂ ಮನೆಯಲ್ಲಿ ಯಾರೂ ಇಲ್ಲ ಅಂದ.

ಕಾಕಾಗೆ ಕೇಳಿದೆ. ಅವರಿಗೆ ನೆನಪಿದೆ. ಚಿಕ್ಕವರಿದ್ದಾಗ ಆ ಬಾವಿಯ ಕಟ್ಟೆಯ ಮೇಲೆ ಕೂತು ಊಟ ಮಾಡುತ್ತಿದ್ದರಂತೆ, ಕೆಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತಂತೆ. ಮಂಡಿ ನೋವು, ಆದರೂ ಭಾನುವಾರ ಬರ್ತೀನಿ ಅಂದಿದ್ದಾರೆ. ಅವರು ಜಾಗ ತೋರಿಸಿದರೆ ಅಲ್ಲಿ ಒಂದು ಗೂಟ ಹೊಡೆದು, ಅಲ್ಲಿಂದ ನಮ್ಮ ಮೇಲಿನ ಬಾವಿಗೆ ಗೆರೆ ಎಳೆಯುತ್ತೇನೆ.